ಮುಂದಿನ ಖೋಲಿಯ ಸರ್ವರ್

ನನ್ನ ನೆಗೆಣ್ಣಿಯ ಬಲಗೈ ಹೆಬ್ಬೆರಳನ್ನು ನೋಡಿದರೆ ಸಾಕು, ಆ ವರ್ಷ ಅವಳು ಯಾವ ಕೆಲಸದಲ್ಲಿದ್ದಾಳೆ ಎಂದು ಹೇಳಬಹುದಿತ್ತು. ಮದುವೆಯಾಗಿ ಇಳಕಲ್ಲಿನ ನಮ್ಮ ಮನೆಗೆ ಬಂದಾಗ ಅದು ಬೆಳ್ಳಗಿತ್ತು. ಅತ್ತೆ ಅವಳನ್ನು ಸೆರಗಿನ ರೇಷ್ಮೆಯ ಮುಂದೆ ಕೂಡಿಸಿದ ಮೇಲೆ ಬಣ್ಣ ಹತ್ತಿ ಉಗುರಿನ ಸಂದಿಯವರೆಗೂ ಕೆಂಪಾಯಿತು. ನಡುವೆ ಕೆಲವು ವರ್ಷ ಮತ್ತೆ ಬೆಳ್ಳಗಾಯಿತು. ಆಮೇಲೆ ಕೆಂಪಾದದ್ದು ಕಡೆತನಕ ಹೋಗಲಿಲ್ಲ. ನಾನು ಹೇಳಬೇಕೆಂದಿರುವುದು ಆ ನಡುವಿನ ವರ್ಷಗಳ ಮಾತು.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು ನಾವು. ನನ್ನ ರೊಟ್ಟಿ ದಪ್ಪ, ಅವಳದು ತೆಳ್ಳಗೆ. ನನಗೆ ಓದು ಅಷ್ಟಕ್ಕಷ್ಟೆ. ಮೂರನೇ ಇಯತ್ತೆಗೆ ಸಾಲೆ ಬಿಡಿಸಿ ನೂಲು ಸುತ್ತಲು ಕೂಡಿಸಿದರು. ಅವಳು ಬಾಗಲಕೋಟೆಯಲ್ಲಿ ಕಾಲೇಜು ಮುಗಿಸಿ ಅದರ ಮೇಲೆ ಕಂಪ್ಯೂಟರ್ ಕೋರ್ಸು ಮಾಡಿದವಳು. ನಿಮ್ಮಿಬ್ಬರಿಗೆ ಜಗಳ ಆಗಲಿಲ್ಲವೇ ಎಂದು ಜನ ಕೇಳುತ್ತಾರೆ. ಆಯಿತು. ಉಪ್ಪಿನಕಾಯಿ ಭರಣಿಗೆ ಹಸಿ ಚಮಚ ಹಾಕಿದ್ದಕ್ಕೆ ಆಯಿತು. ಓದಿನ ಸಲುವಾಗಿ ಆಗಲಿಲ್ಲ.

ಅವಳ ತವರು ಹಳೇ ಬಾಗಲಕೋಟೆಯ ತಗ್ಗಿನ ಓಣಿ. ಆಣೆಕಟ್ಟಿನ ಹಿನ್ನೀರು ಬರುತ್ತದೆ ಎಂದು ಓಣಿಗೆ ಓಣಿಯೇ ಗಂಟು ಕಟ್ಟಿಕೊಂಡು ನವನಗರಕ್ಕೆ ಏಳುತ್ತಿದ್ದ ಕಾಲಕ್ಕೆ ಮದುವೆಯಾಯಿತು. ಬರುವಾಗ ಟ್ರಂಕಿನ ಜೊತೆ ಒಂದು ಗೋಣಿಚೀಲ ತಂದಿದ್ದಳು. ಬಿಚ್ಚಿದರೆ ಅದರಲ್ಲಿ ಬಾಗಿಲ ಚಿಲಕ, ಕಿಟಕಿಯ ಕೊಕ್ಕೆಗಳು, ಮುಚ್ಚಳವಿಲ್ಲದ ಡಬ್ಬಿ, ಇಂಥವೇ. ಮನೆ ನೀರಲ್ಲಿ ಹೋಗುತ್ತದೆ, ಚಿಲಕವಾದರೂ ಉಳಿಯಲಿ ಎಂದು ಬಿಚ್ಚಿಕೊಂಡು ಬಂದಿದ್ದಳಂತೆ. ಬಾಗಿಲಿಲ್ಲದ ಚಿಲಕ ಯಾವ ದೇವರಿಗೆ ಎಂದು ನಾನು ಕೇಳಿದೆ. ಅವಳು ನಕ್ಕಳು, ಆದರೆ ಒಂದನ್ನೂ ಎಸೆಯಲಿಲ್ಲ. ಚಹಾಪುಡಿ ಪುಡಿಕೆಗೆ ಸುತ್ತಿದ ದಾರವನ್ನೂ ಎಸೆಯುವವಳಲ್ಲ.

ಅಂಥವಳು ನಮ್ಮ ಅತ್ತೆಯ ಕೈಗೆ ಸಿಕ್ಕಳು. ನಮ್ಮ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು. ಸಾವಿರಾರು ಎಳೆ, ಕೂತು ಕೂತು ಸೊಂಟ ಹೋಗುತ್ತದೆ. ಒಂದು ಬಿಟ್ಟರೂ ಸೆರಗಿನ ಉದ್ದಕ್ಕೆ ಗೀರು ಬಿದ್ದು ಎದ್ದು ಕಾಣುತ್ತದೆ. ಅತ್ತೆ ದಿನಾ ಹೇಳುತ್ತಿದ್ದ ಮಾತು: "ಎಳಿ ಬಿಟ್ಟಾಕಿ ಮಾನಾ ಬಿಟ್ಟಾಕಿ." ನನಗೆ ಆ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು. ನೆಗೆಣ್ಣಿಗೆ ಹೋಗಲಿಲ್ಲ. ಅತ್ತೆ ಸಾಯುವ ಹೊತ್ತಿಗೆ ಓಣಿಯಲ್ಲಿ ಅವಳಷ್ಟು ಚೊಕ್ಕ ಕೊಂಡಿ ಹಾಕುವವರು ಇರಲಿಲ್ಲ.

ನಮ್ಮ ಮನೆಯಲ್ಲಿ ಇನ್ನೊಂದು ರೀತಿಯಿತ್ತು. ತಮ್ಮನ ಹೆಂಡತಿ ಭಾವನ ಎದುರು ಮಾತಾಡುವಂತಿಲ್ಲ. ಭಾವನೂ ಅವಳ ಕಡೆ ಮುಖ ಮಾಡಿ ಮಾತಾಡುವಂತಿಲ್ಲ. ಅದು ಸಿಟ್ಟಲ್ಲ, ಮರ್ಯಾದೆ. ನನ್ನ ಗಂಡ ಮನೆಗೆ ಹಿರಿಯ. ಹೀಗಾಗಿ ಅವರಿಬ್ಬರ ನಡುವಿನ ಮಾತೆಲ್ಲ ನನ್ನ ಮೂಲಕ ಹೋಗಬೇಕು, ಇಲ್ಲವೇ ಮೈದುನನ ಮೂಲಕ. ಮೈದುನನ ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ. ಉಗುಳಿ ಬಂದು ಮಾತಾಡುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಿದ್ದರು. ಆದ್ದರಿಂದ ಕೆಲಸವೆಲ್ಲ ನನ್ನ ಮೇಲೆ ಬಿತ್ತು.

ನನ್ನ ಗಂಡ ಊಟಕ್ಕೆ ಕೂತಿರುತ್ತಿದ್ದ. ನೆಗೆಣ್ಣಿ ಅಲ್ಲೇ ಒಲೆಯ ಮುಂದೆ, ಅತ್ತ ಮುಖ ಮಾಡಿ.

"ಅಕ್ಕಾರ, ಭಾವಾರಿಗೆ ಇನ್ನೊಂದ ರೊಟ್ಟಿ ಬೇಕೇನು ಕೇಳ್ರಿ."

"ಬ್ಯಾಡ ಅಂತ ಹೇಳು ಆಕಿಗೆ. ಪಲ್ಯಾ ಚೊಲೊ ಆಗೇತಿ ಅಂತನೂ ಹೇಳು."

ಇಬ್ಬರಿಗೂ ಇಬ್ಬರ ಮಾತೂ ಕೇಳಿಸಿದೆ. ಆದರೂ ನಾನು ಒಮ್ಮೆ ಹೇಳಿದ ಮೇಲೆಯೇ ಅದು ಮುಟ್ಟಿದ ಲೆಕ್ಕ. ಒಂದು ದಿನ ನನಗೆ ಸಾಕಾಗಿ, ನಾನೇನು ಟೆಲಿಫೋನ್ ಕಂಬವೇ ಎಂದು ಅವಳಿಗೆ ಕೇಳಿದೆ.

"ಕಂಬ ಅಲ್ರಿ ಅಕ್ಕಾರ, ನೀವು ಈ ಮನಿ ಸರ್ವರ್. ನೀವು ಇಲ್ಲಂದ್ರ ಯಾರ ಸುದ್ದೀನೂ ಯಾರಿಗೂ ಮುಟ್ಟಂಗಿಲ್ಲ."

ಸರ್ವರ್ ಎಂದರೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು.

ಅತ್ತೆ ಹೋದ ಮೇಲೆ ಮುಂದಿನ ಖೋಲಿಯ ಕುಣಿಮಗ್ಗಗಳು ಸುಮ್ಮನಾದವು. ನೇಯುವವರು ಒಬ್ಬೊಬ್ಬರಾಗಿ ಕಲ್ಲಿನ ಫ್ಯಾಕ್ಟರಿಗೆ, ಪವರ್‌ಲೂಮಿಗೆ ಹೋದರು. ಆ ಖೋಲಿ ಬೀದಿಗೆ ಹತ್ತಿರ, ಅಲ್ಲಿ ಕಂಪ್ಯೂಟರ್ ಇಟ್ಟು ಅಂಗಡಿ ಹಾಕುತ್ತೇನೆ ಎಂದು ನೆಗೆಣ್ಣಿ ನನ್ನ ಮುಂದೆ ಹೇಳಿದಳು. ನಾನು ಗಂಡನಿಗೆ ಹೇಳಿದೆ. ಅವನು ಎದ್ದು ಹೋಗಿ ಖೋಲಿಯನ್ನೊಮ್ಮೆ ನೋಡಿ ಬಂದ.

"ಖೋಲಿ ತಗೊ ಅಂತ ಹೇಳು ಆಕಿಗೆ. ಮನಿ ಮಾನಕ್ಕ ಮಾತ ಬರಬಾರದು. ಬಂತಂದ್ರ ಅವತ್ತ ಬಂದ್."

ಮಗ್ಗದ ಕುಣಿಗಳಿಗೆ ಮಣ್ಣು ತುಂಬಿಸಿದಳು, ಮೇಲೆ ಫರಸಿ ಕಲ್ಲು ಹಾಸಿದಳು. ಬಾಗಿಲಿಗೆ ತವರುಮನೆಯ ಆ ಚಿಲಕ ಬಡಿಸಿದಳು. ನಾನು ಆ ಚಿಲಕದ ಬಗ್ಗೆ ಆಡಿದ್ದ ಮಾತನ್ನು ನುಂಗಿಕೊಂಡೆ.

ಮೊದಮೊದಲು ಪರೀಕ್ಷೆಯ ರಿಸಲ್ಟು ನೋಡಲು, ಅರ್ಜಿ ತುಂಬಲು ಜನ ಬರುತ್ತಿದ್ದರು. ಆಮೇಲೆ ಆಟದವರು ಬಂದರು. ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೆ ಮೊದಲೇ ಕಟ್ಟೆಯ ಮೇಲೆ ಮೀಸೆ ಚಿಗುರಿದ ಹುಡುಗರ ಸಾಲು. ಬಂದೂಕು ಹಿಡಿದು ಒಬ್ಬರನ್ನೊಬ್ಬರು ಅಟ್ಟಾಡಿಸುವ ಆಟ. ನನಗೆ ನೋಡಿದರೆ ತಲೆ ತಿರುಗುತ್ತಿತ್ತು. ಅವರು ಮೊದಲು ಮೇಡಂ ಎನ್ನುತ್ತಿದ್ದರು. ಮೇಡಂ ಇರುವುದು ಸಾಲೆಯಲ್ಲಿ ಎಂದು ಅವಳು ಅಂದ ಮೇಲೆ ಮನೆಯ ಚಿಕ್ಕಮ್ಮನನ್ನು ಕರೆಯುವ ಹಾಗೆ ಕಾಕು ಎಂದರು.

ಅವಳು ಕುರ್ಚಿಯ ಮೇಲೆ ಒಂದು ಕಾಲು ಮಡಚಿ, ತಲೆಯ ಮೇಲಿನ ಸೆರಗು ಜಾರದಂತೆ ಕೂರುತ್ತಿದ್ದಳು. ಬಸಿಯಲ್ಲಿ ಚಹಾ ಆರಿಸಿ ಕುಡಿಯುತ್ತಿದ್ದಳು. ಗಲಾಟೆ ಹೆಚ್ಚಾದರೆ ತಿರುಗಿ ನೋಡದೆ ಒಂದೇ ಮಾತು: "ಕೈಲೆ ಆಡ್ರಿಪಾ, ಬಾಯಿಲೆ ಬ್ಯಾಡ." ನನ್ನ ಗಂಡ ಬಾಗಿಲ ಮುಂದೆ ಹಾದು ಹೋದರೆ ಎದ್ದು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಅವಳು ಎದ್ದಳೆಂದು ಹುಡುಗರೂ ಆಟ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಇವೆಲ್ಲ ಯಾಕೆ ಏಳುತ್ತವೆ ಎಂದು ನನ್ನ ಗಂಡ ನನಗೆ ಕೇಳುತ್ತಿದ್ದ. ಒಳಗೊಳಗೆ ಅವನಿಗೆ ಅದು ಸೇರುತ್ತಿತ್ತು. ದಿನಕ್ಕೆ ಎರಡು ಸಲ ಸುಮ್ಮಸುಮ್ಮನೆ ಆ ಕಡೆ ಹೋಗಿಬರಲು ಶುರುಮಾಡಿದ.

ಅತ್ತೆ ನೂಲಿನ ಬುಟ್ಟಿ ಇಡುತ್ತಿದ್ದ ಗೂಡಿನಲ್ಲಿ ಒಂದು ಕರಿ ಡಬ್ಬಿ ಗುಂಯ್ ಎನ್ನುತ್ತಿತ್ತು. ಅದು ಸರ್ವರ್. ಅದು ಏನು ಮಾಡುತ್ತದೆ ಎಂದು ಕೇಳಿದೆ.

"ನೀವು ಮಾಡೂದ ಮಾಡ್ತೈತ್ರಿ. ಯಾಂವ ಎಲ್ಲಿ ನಿಂತಾನ, ಯಾಂವ ಗುಂಡ ಹೊಡದಾ, ಎಲ್ಲಾರ ಸುದ್ದಿ ಎಲ್ಲಾರಿಗೂ ಹೇಳ್ತೈತಿ. ಕಣ್ಣ ಮುಚ್ಚಿ ತೆಗಿಯೂದ್ರಾಗ ಹತ್ತ ಸಲ ಹೇಳ್ತೈತಿ."

ಖೋಲಿಯೊಳಗಿನ ಹುಡುಗರಿಗೆ ಅದು ಹೇಳುವುದು ಸುಲಭ, ಪಕ್ಕದಲ್ಲೇ ಇದ್ದಾರೆ, ಅವರ ವಾಯರು ಬೇರೆ. ಆದರೆ ಅವಳ ಸರ್ವರಿನ ಹೆಸರು ಊರಾಚೆ ಹೋಗಿ ಹುನಗುಂದ, ಬಾದಾಮಿ, ಬಾಗಲಕೋಟೆಯ ಅಂಗಡಿಗಳಿಂದಲೂ ಹುಡುಗರು ಫೋನಿನ ಲೈನ್ ಹಿಡಿದು ಇದರೊಳಗೆ ಬಂದು ಆಡತೊಡಗಿದರು. ಆ ಲೈನು ನಮ್ಮ ಓಣಿಯ ಹಾಗೆ ಇಕ್ಕಟ್ಟು. ಒಂದು ಹೊತ್ತಿಗೆ ಇಷ್ಟೇ ಸುದ್ದಿ ಹೋಗುತ್ತದೆ. ಮಿಕ್ಕದ್ದು ಸರದಿ ಬರುವ ತನಕ ಒಂದು ಕಡೆ ಕಾಯುತ್ತದೆ. ಅದಕ್ಕೆ ಬಫರ್ ಎನ್ನುತ್ತಾರೆ. ನನಗೆ ತಿಳಿಯಲಿ ಎಂದು ಅವಳು ಬುಟ್ಟಿ ಎಂದಳು. ಬುಟ್ಟಿ ತುಂಬಿದರೆ ಮೇಲೆ ಬಂದದ್ದು ಚೆಲ್ಲಿ ಹೋಗುತ್ತದೆ. ಎಷ್ಟು ಚೆಲ್ಲಿತು ಎಂದು ಅವಳ ಪರದೆಯ ಮೇಲೆ ಬರುತ್ತಿತ್ತು.

ಅದನ್ನು ನೋಡಿದರೆ ಅವಳಿಗೆ ತಡೆಯುತ್ತಿರಲಿಲ್ಲ. ಎಳೆ ಬಿಟ್ಟ ಹಾಗೆ ಆಗುತ್ತದೆ ಎನ್ನುತ್ತಿದ್ದಳು. ಬುಟ್ಟಿ ದೊಡ್ಡದು ಮಾಡುವ ಉಪಾಯ ಅವಳಿಗೆ ಗೊತ್ತಿತ್ತು. ಕೀಲಿಗಳ ಮೇಲೆ ಏನೋ ಬಡಿಯುತ್ತಿದ್ದಳು, ಡಬ್ಬಿಯನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡುತ್ತಿದ್ದಳು, ಪರದೆ ನೋಡುತ್ತಿದ್ದಳು. ಇನ್ನೂ ಚೆಲ್ಲುತ್ತಿದ್ದರೆ ಇನ್ನೂ ದೊಡ್ಡದು. ಒಂದು ದಿನ ಅಡಿಗೆಮನೆಗೆ ಬಂದು, ಇವತ್ತಿನಿಂದ ಒಂದೂ ಚೆಲ್ಲುವುದಿಲ್ಲ ಎಂದಳು. ಮೊದಲ ಸೀರೆಯ ಕೊಂಡಿ ಮುಗಿಸಿದ ದಿನವೂ ಅವಳ ಮುಖ ಹಾಗೇ ಇತ್ತು. ಅತ್ತೆ ಇದ್ದಿದ್ದರೆ ಮೆಚ್ಚುತ್ತಿದ್ದಳು. ನಾನೂ ಮೆಚ್ಚಿದೆ. ಮಗ್ಗದ ಮನೆಯಲ್ಲಿ ಯಾರು ಮೆಚ್ಚುವುದಿಲ್ಲ?

ಅದೇ ಹುರುಪಿನಲ್ಲಿ ಪಂದ್ಯ ಇಡುತ್ತೇನೆ ಎಂದಳು. ಹುನಗುಂದ, ಬಾದಾಮಿ, ಬಾಗಲಕೋಟೆಯವರು ಅವರವರ ಊರಲ್ಲೇ ಕೂತು ಆಡುವುದು, ಇಳಕಲ್ಲಿನವರು ನಮ್ಮ ಖೋಲಿಯಲ್ಲಿ, ಆಟ ನಡೆಯುವುದು ಅವಳ ಸರ್ವರಿನಲ್ಲಿ. ನಾನು ಗಂಡನಿಗೆ ಹೇಳಿದೆ. ಅವನು ಬೇಡ ಎನ್ನಲಿಲ್ಲ. ನೋಡುವವರಿಗೆ ಎಂದು ಬೆಂಚು ತರಿಸಿದ. ಸೀರೆ ವ್ಯಾಪಾರಿಗಳ ಮುಂದೆ ಹೇಳಿಕೊಂಡ. ತಮ್ಮನ ಹೆಂಡತಿ ಎಂದು ಹೇಳಲಿಲ್ಲ, ನಮ್ಮ ಮನೆಯಲ್ಲಿ ಎಂದ. ಅವನ ಮಟ್ಟಿಗೆ ಅದು ದೊಡ್ಡ ಮಾತು.

ಪಂದ್ಯದ ದಿನ ಬೆಳಿಗ್ಗೆ ಚೆನ್ನಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಮೂರೂ ಊರಿನವರು ಒಮ್ಮೆಲೇ ಒಳಗೆ ಬಂದರು. ಆಮೇಲೆ ಎಲ್ಲ ಸುತ್ತಿನಲ್ಲೂ ನಮ್ಮ ಹುಡುಗರೇ ಗೆದ್ದರು. ಬೆಂಚಿನ ಮೇಲಿನವರು ಸಿಳ್ಳೆ ಹೊಡೆದರು. ಸ್ವಲ್ಪ ಹೊತ್ತಿಗೆ ಬಾಗಲಕೋಟೆಯಿಂದ ಫೋನು ಬಂತು: ಎದೆಗೆ ಗುರಿಯಿಟ್ಟು ಹೊಡೆದರೂ ನಿಮ್ಮವರು ಬೀಳುವುದಿಲ್ಲ, ಇದೇನು? ಬಾದಾಮಿಯಿಂದಲೂ ಅದೇ ಮಾತು. ನೆಗೆಣ್ಣಿ ಪರದೆ ನೋಡಿದಳು. ಒಂದೂ ಚೆಲ್ಲಿಲ್ಲ, ನನ್ನ ಕಡೆಯಿಂದ ಎಲ್ಲ ಸರಿಯಿದೆ ಎಂದು ಅವರಿಗೆ ಹೇಳಿದಳು. ಆದರೂ ಮನಸ್ಸು ತಡೆಯದೆ ಎರಡು ಸುತ್ತಿನ ನಡುವೆ ಬುಟ್ಟಿಯನ್ನು ಮತ್ತಷ್ಟು ದೊಡ್ಡದು ಮಾಡಿದಳು. ಆಮೇಲಂತೂ ಹೊರಗಿನವರು ಹೊಡೆದ ಒಂದು ಗುಂಡೂ ಯಾರಿಗೂ ತಾಗಲಿಲ್ಲ.

ಹುನಗುಂದ ಹತ್ತಿರದ ಊರು. ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿನವರು ಮೋಟರ್‌ಸೈಕಲ್ ಹತ್ತಿ ನಮ್ಮ ಬಾಗಿಲಿಗೇ ಬಂದರು. ಕಟ್ಟೆಯ ಮೇಲೆ ನನ್ನ ಗಂಡ ಇಬ್ಬರು ವ್ಯಾಪಾರಿಗಳ ಜೊತೆ ಕೂತಿದ್ದ. ಬಂದವರಲ್ಲಿ ಒಬ್ಬ ಅವನ ಮುಖಕ್ಕೇ ಹೇಳಿದ.

"ಮಷೀನ್ ನಿಮ್ಮ ಮನ್ಯಾಗ, ಗೆಲ್ಲಾವ್ರೂ ನಿಮ್ಮ ಮನ್ಯಾಗಿನವ್ರ. ಹಿಂಗ ಮೋಸ ಮಾಡಾವ್ರು ಪಂದ್ಯ ಯಾಕ ಇಡಬೇಕ್ರಿ?"

ವ್ಯಾಪಾರಿಗಳು ಕೆಳಗೆ ನೋಡಿದರು. ನನ್ನ ಗಂಡ ಬೇರೆ ಮಗ್ಗದವರಿಂದ ನೇಯಿಸಿ ಕೊಟ್ಟ ಸೀರೆಯನ್ನು ಅವರು ಬರೀ ನಂಬಿಕೆಯ ಮೇಲೆ ಬಿಚ್ಚಿ ನೋಡದೆ ಒಯ್ಯುತ್ತಿದ್ದ ಕಾಲ ಅದು. ಅವನು ಎದ್ದು ಒಳಗೆ ಬಂದ. ನೆಗೆಣ್ಣಿ ಬಾಗಿಲಲ್ಲೇ ಇದ್ದಳು, ಗೋಡೆಯ ಕಡೆ ತಿರುಗಿದಳು. ಅವನು ನನ್ನ ಮುಖ ನೋಡಿ ಹೇಳಿದ.

"ಖೋಲಿ ಬಂದ್ ಅಂತ ಹೇಳು ಆಕಿಗೆ."

ಅವಳು ನನ್ನಿಂದ ಮೊಳದಷ್ಟು ದೂರದಲ್ಲಿದ್ದಳು. ಆದರೂ ನಾನು ತಿರುಗಿ ಅದನ್ನು ಹೇಳಬೇಕಾಗಿತ್ತು. ಹೇಳಿದೆ.

ತಾನು ಏನೂ ಮೋಸ ಮಾಡಿಲ್ಲ ಎಂದು ಅವಳು ನನ್ನ ಮೂಲಕ ಹೇಳಿಸಿದಳು. ಮೋಸ ಮಾಡಿಲ್ಲ ಎನ್ನುವುದು ತನಗೂ ಗೊತ್ತು, ಆದರೆ ಯಾಕೆ ಹೀಗಾಯಿತು ಎಂದು ಊರಿಗೆ ಏನು ಹೇಳಲಿ ಎಂದು ಅವನು ಕೇಳಿದ. ಅವಳು ಹೋಗಿ ಮತ್ತೊಮ್ಮೆ ಪರದೆ ನೋಡಿದಳು, ಅಲ್ಲಿ ಒಂದೂ ಚೆಲ್ಲಿರಲಿಲ್ಲ. ಖೋಲಿಗೆ ಪವರ್‌ಲೂಮು ತರಿಸುತ್ತೇನೆ ಎಂದ. ಅದಾದ ಎರಡು ದಿನಕ್ಕೆ ಬಾದಾಮಿಯಲ್ಲಿ ನನ್ನ ಮಗಳಿಗೆ ಹೊಟ್ಟೆಯ ಆಪರೇಶನ್ ಎಂದು ಕರೆ ಬಂತು. ನಾನು ಬುತ್ತಿ ಕಟ್ಟಿಕೊಂಡು ಹೋದೆ. ನನ್ನ ಕೈಯಲ್ಲಿ ಆಗ ಮೊಬೈಲ್ ಇರಲಿಲ್ಲ. ಇನ್ನು ಮುಂದಿನದು ಅವಳ ಬಾಯಿಂದ, ಮೈದುನನ ಬಾಯಿಂದ ಕೇಳಿದ್ದು.

ನಾನು ಹೋದ ಮೇಲೆ ನೆಗೆಣ್ಣಿ ನವನಗರದ ತವರಿಗೆ ಹೋದಳು. ಅಳಲು ಹೋದಳೆಂದು ಮೈದುನ ತಿಳಿದ. ಅವಳು ಹೋದದ್ದು ಬಾಗಲಕೋಟೆಯ ಆಟದ ಅಂಗಡಿಗೆ. ಅಲ್ಲಿನವರ ನಡುವೆ ತಾನೇ ಕೂತು, ಇಳಕಲ್ಲಿನ ತನ್ನ ಸರ್ವರಿನೊಳಗೆ ಆಡಿ ನೋಡಬೇಕೆಂದು. ಪಂದ್ಯದ ದಿನದ ಹಾಗೆಯೇ ಎಲ್ಲ ಊರಿನವರನ್ನೂ ಒಳಗೆ ಕರೆಸಿದಳು. ಮುಚ್ಚಿದ್ದ ನಮ್ಮ ಖೋಲಿಯಲ್ಲಿ ಇನ್ನೂ ಇದ್ದ ಡಬ್ಬಿಯನ್ನು ಚಾಲೂ ಮಾಡಿಸಿ, ತನ್ನ ಗಂಡನನ್ನು ಒಂದು ಪರದೆಯ ಮುಂದೆ ಕೂಡಿಸಿ, ಕಿವಿಗೆ ಫೋನು ಹಿಡಿದುಕೊಳ್ರಿ ಎಂದಳು.

"ಕಿಡಕಿ ಮುಂದ ಕೆಂಪ ಅಂಗಿಯಂವ ನಿಂತಾನಲ್ಲ, ಕಾಣಸ್ತಾನೇನ್ರಿ?"

ಅವನ ಬಾಯಲ್ಲಿ ಎಲೆ ಅಡಿಕೆ. ಊಂ ಊಂ ಎಂದ. ಉಗುಳಿ ಬರ್ರಿ ಎಂದು ಬೈಸಿಕೊಂಡ ಮೇಲೆ ಉಗುಳಿ ಬಂದ.

"ಎಲ್ಲಿ ಕಿಡಕಿ? ಅಂವ ಆಗಲೇ ಮೆಟ್ಟಲ ಇಳದು ಹೋದಾ."

ಅವಳ ಪರದೆಯಲ್ಲಿ ಕೆಂಪಂಗಿಯವನು ಕಿಟಕಿಯ ಮುಂದೆಯೇ ಇದ್ದ. ಅವಳು ನೋಡುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವನು ಕಿಟಕಿ ಬಿಟ್ಟು ಮೆಟ್ಟಿಲು ಇಳಿದ.

ಅಲ್ಲಿಗೆ ತಿಳಿಯಿತು. ಒಂದು ಸುದ್ದಿಯೂ ಕಳೆದಿರಲಿಲ್ಲ. ಎಲ್ಲ ಬಂದು ಮುಟ್ಟುತ್ತಿತ್ತು, ಹಳತಾಗಿ ಮುಟ್ಟುತ್ತಿತ್ತು. ಒಂದನ್ನೂ ಚೆಲ್ಲಬಾರದೆಂದು ಅವಳು ಮಾಡಿದ ದೊಡ್ಡ ಬುಟ್ಟಿಯಲ್ಲಿ ಹೊಸ ಸುದ್ದಿ ಹಳೆಯದರ ಹಿಂದೆ ಸರದಿ ಕಾಯುತ್ತ ಕೂತಿರುತ್ತಿತ್ತು. ಪಂದ್ಯದ ದಿನ ಹೊರಗಿನ ಹುಡುಗರು ಹೊಡೆದದ್ದು ಎದ್ದು ಹೋದವನ ಜಾಗಕ್ಕೆ. ನಮ್ಮ ಖೋಲಿಯ ಹುಡುಗರಿಗೆ ಆ ಬುಟ್ಟಿಯೇ ಇಲ್ಲ, ಅವರು ಇದ್ದದ್ದನ್ನು ಇದ್ದ ಹಾಗೆ ಕಂಡು ಹೊಡೆದರು.

ತವರಲ್ಲಿ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿ ಬಂದಳಂತೆ. ಬಂದವಳೇ ಬುಟ್ಟಿಯನ್ನು ಸಣ್ಣದು ಮಾಡಿದಳು, ಮತ್ತೂ ಸಣ್ಣದು ಮಾಡಿದಳು. ಪರದೆಯ ಮೇಲೆ ಚೆಲ್ಲುವ ಲೆಕ್ಕ ಬರತೊಡಗಿತು. ಅತ್ತೆಯ ಮಾತು ನೆನಪಾಯಿತು ಎಂದು ನನಗೆ ಹೇಳಿದಳು. ಆದರೆ ಬಾಗಲಕೋಟೆಯವರು ಆಡಿ ನೋಡಿದರೆ ಆಟ ನೀರು ಹರಿದ ಹಾಗೆ ಹೋಯಿತು. ಒಂದು ಸುದ್ದಿ ಚೆಲ್ಲಿದರೆ ಅದರ ಬೆನ್ನಿಗೇ ಇನ್ನೊಂದು ತಾಜಾ ಬರುತ್ತಿತ್ತು, ಚೆಲ್ಲಿದ್ದು ಯಾರಿಗೂ ಬೇಕಾಗಿರಲಿಲ್ಲ. ಆ ಅಂಗಡಿಯವನೇ ಫೋನು ಮಾಡಿ, ಮೋಸ ಎಂದದ್ದು ತಪ್ಪಾಯಿತು ಕಾಕು, ಮತ್ತೊಮ್ಮೆ ಪಂದ್ಯ ಇಡ್ರಿ, ನಮ್ಮ ಬಾಯಿಂದಲೇ ಎಲ್ಲರಿಗೂ ಹೇಳುತ್ತೇವೆ ಎಂದ.

ಇಷ್ಟೇ ಬೇಕಾಗಿದ್ದದ್ದು. ಊರಿಗೆ ಹೇಳಲು ಉತ್ತರ ಸಿಕ್ಕಿತ್ತು. ಅದು ನನ್ನ ಗಂಡನ ಕಿವಿಗೆ ಬೀಳಬೇಕಿತ್ತು, ಅಷ್ಟೆ.

ನಾನಿಲ್ಲ. ಅವಳು ಗಂಡನಿಗೆ ಹೇಳಿದಳು, ನಿಮ್ಮ ಅಣ್ಣನವರಿಗೆ ಹೀಗೆ ಹೀಗೆ ಹೇಳ್ರಿ ಎಂದು. ಅವನು ಹೂಂ ಎಂದ. ಮೈದುನ ಕೆಟ್ಟವನಲ್ಲ. ಅಣ್ಣನ ಸಿಟ್ಟು ಇಳಿಯಲಿ, ಒಳ್ಳೆಯ ಹೊತ್ತು ನೋಡಿ ಹೇಳೋಣ ಎಂದು ಇಟ್ಟುಕೊಂಡ. ಮರುದಿನ ಅಣ್ಣನ ಹತ್ತಿರ ವ್ಯಾಪಾರಿಗಳಿದ್ದರು. ಅದರ ಮರುದಿನ ಅಮಾವಾಸ್ಯೆ. ಆಮೇಲೆ ತುಳಸಿಗೇರಿ ಹನುಮಪ್ಪನಿಗೆ ನಡೆದುಕೊಳ್ಳುವ ಶನಿವಾರ ಬಂತು, ದೇವರಿಗೆ ಹೋಗಿ ಬರುವಾಗ ದಾರಿಯಲ್ಲಿ ಹೇಳುತ್ತೇನೆ ಎಂದ. ದಾರಿಯಲ್ಲಿ ಅಣ್ಣ ಬಸ್ಸಿನಲ್ಲಿ ನಿದ್ದೆ ಮಾಡಿದ. ಎಬ್ಬಿಸುವುದು ಹೇಗೆ?

ದಿನಾ ಅವಳು ಕೇಳುವುದು, ಅವನು ಹೇಳುತ್ತೇನೆ ಎನ್ನುವುದು. ತಾನೇ ಹೇಳಬೇಕೆಂದು ಒಂದು ಸಲ ಚಹಾ ಹಿಡಿದುಕೊಂಡು ನನ್ನ ಗಂಡನ ಮುಂದೆ ಹೋಗಿ ನಿಂತಳಂತೆ. ಯಾವತ್ತೂ ಹೀಗೆ ಬಂದವಳಲ್ಲ. ಅವನು ಮರ್ಯಾದೆಯಿಂದ ಮುಖ ಆ ಕಡೆ ತಿರುಗಿಸಿದ. ಅವಳು ಕಪ್ಪು ಇಟ್ಟು ಬಂದಳು.

"ಬಾಯಿ ತನಕ ಬಂದಿತ್ರಿ ಅಕ್ಕಾರ. ಆ ಬೆನ್ನ ನೋಡಿ ಮಾತ ಹೊಳ್ಳಿ ಹೋತು."

ಮಗಳ ಹೊಲಿಗೆ ಬಿಚ್ಚಿಸಿ, ಅವಳನ್ನು ಅವಳ ಅತ್ತೆಯ ಕೈಗೆ ಒಪ್ಪಿಸಿ ನಾನು ಊರಿಗೆ ಬಂದಿಳಿ‍ದಾಗ ಬಾಗಿಲ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಪವರ್‌ಲೂಮುಗಳನ್ನು ಇಳಿಸಿ ಆಗಿತ್ತು. ಖೋಲಿಯಲ್ಲಿ ಫರಸಿ ಕಿತ್ತು ಸಿಮೆಂಟಿನ ಬುನಾದಿ ಹಾಕಿದ್ದರು. ಕಂಪ್ಯೂಟರುಗಳನ್ನೂ ಆ ಕರಿ ಡಬ್ಬಿಯನ್ನೂ ಯಾರೋ ಕೊಂಡವರು ಬೆಳಿಗ್ಗೆಯೇ ಒಯ್ದಿದ್ದರು. ಗೋಡೆಯಲ್ಲಿ ವಾಯರು ಹಾದುಹೋಗಿದ್ದ ತೂತುಗಳು ಹಾಗೇ ಇದ್ದವು.

ಆ ಹೊತ್ತಿಗೆ ನನ್ನ ಮೈದುನನಿಗೆ ಒಳ್ಳೆಯ ಹೊತ್ತು ಬಂತು. ಟ್ರ್ಯಾಕ್ಟರ್ ನೋಡಿ ಹೆದರಿದನೋ ಏನೋ, ಬಾಯಲ್ಲಿದ್ದದ್ದನ್ನು ಮೋರಿಗೆ ಉಗುಳಿ ಬಂದು, ಅಣ್ಣನ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಬುಟ್ಟಿಯದು, ಬಾಗಲಕೋಟೆಯದು, ಅಂಗಡಿಯವನು ತಪ್ಪಾಯಿತು ಎಂದದ್ದು. ನನ್ನ ಗಂಡ ಪೂರ್ತಿ ಕೇಳಿದ.

"ಯಾವಾಗ ಹೇಳಿದ್ಲು ಇದನ್ನ?"

"ಆತು, ಎಂಟ ಹತ್ತ ದಿನಾ."

"ಎಂಟ ದಿನದ ಹಿಂದ ಹೇಳಿದ್ರ ಹಿತ್ತಲದಾಗ ತಗಡ ಹೊಡದು ಈ ಲೂಮ ಅಲ್ಲೇ ಇಡಸ್ತಿದ್ನೆಲ್ಲೋ. ಖೋಲಿ ಯಾಕ ಮುಟ್ತಿದ್ದೆ?"

ಅವನು ಸುಮ್ಮನೆ ಹೇಳಿದ ಮಾತಲ್ಲ ಅದು. ನನ್ನ ಗಂಡನಲ್ಲಿ ನೂರು ದೋಷವಿದೆ, ಸುಳ್ಳು ಹೇಳುವ ದೋಷವಿಲ್ಲ. ನೆಗೆಣ್ಣಿ ಒಳಗಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಅವಳ ಹತ್ತಿರ ಹೋಗಿ, ಕೇಳಿದಿಯಾ, ಇನ್ನೂ ಏನಾದರೂ ಮಾಡಬಹುದೇನೋ, ಹಿತ್ತಿಲಲ್ಲೇ ಒಂದು ಖೋಲಿ ಎತ್ತಿಸೋಣ ಎಂದೆ. ಅವಳು ನನ್ನ ಕೈಯಿಂದ ಬುತ್ತಿಯ ಗಂಟು ಇಸಿದುಕೊಂಡಳು.

"ಹಳೇ ಸುದ್ದಿ ಅಕ್ಕಾರ. ಒಗದ ಬಿಡ್ರಿ."

ಅದನ್ನು ಹೇಳಿ ಒಳಗೆ ಹೋಗಿ ಗಂಟು ಬಿಚ್ಚಿ ಪಾತ್ರೆ ತಿಕ್ಕಲು ಹಾಕಿದಳು. ಟ್ರ್ಯಾಕ್ಟರಿನವರಿಗೂ ಚಹಾ ಮಾಡಿದಳು. ಚಹಾಪುಡಿಯ ಪುಡಿಕೆ ಬಿಚ್ಚಿ ದಾರವನ್ನು ಒಲೆಗೆ ಹಾಕಿದ್ದನ್ನು ನಾನು ನೋಡಿದೆ.

ಆಮೇಲೆ ಅವಳು ಮತ್ತೆ ಕೊಂಡಿಯ ಕೆಲಸಕ್ಕೆ ಕೂತಳು. ಹೆಬ್ಬೆರಳು ಕೆಂಪಾಯಿತು. ದಾರಿಯಲ್ಲಿ ಹುಡುಗರು ಕಂಡರೆ ಕಾಕು ಎಂದು ಮಾತಾಡಿಸುತ್ತಿದ್ದರು, ನಗುತ್ತಿದ್ದಳು. ಆಟದ ಮಾತು ತೆಗೆಯುತ್ತಿರಲಿಲ್ಲ. ಪವರ್‌ಲೂಮಿನ ಸದ್ದಿಗೆ ಮನೆಯಲ್ಲಿ ಎಲ್ಲರೂ ಕೂಗಿ ಮಾತಾಡುವುದು ರೂಢಿಯಾಯಿತು. ಅವಳು ಕೂಗುವವಳಲ್ಲ, ಮಾತನ್ನೇ ಕಡಿಮೆ ಮಾಡಿದಳು. ಮೈದುನ ಎಲೆ ಅಡಿಕೆ ಬಿಟ್ಟ. ಬಿಟ್ಟು ಏನು ಮಾಡುವುದು? ಬಾಯಿ ಖಾಲಿಯಿದ್ದರೂ ಆಡಲು ಮಾತಿರಲಿಲ್ಲ.

ಜನ ನನಗೆ ನಿನ್ನ ಗಂಡನದೇ ತಪ್ಪು ಎನ್ನುತ್ತಾರೆ, ಕೆಲವರು ಮೈದುನನದು ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಒಬ್ಬ ಹೇಳಿದ್ದರೆ ಕೇಳುತ್ತಿದ್ದ, ಇನ್ನೊಬ್ಬ ಹೇಳಬೇಕೆಂದೇ ಇದ್ದ. ಒಂದೂ ಎಳೆ ಬಿಡದೆ ಮರ್ಯಾದೆ ಕಾಯ್ದೆವು. ಕಾಯ್ದು ಕಾಯ್ದು ಅವಳ ಖೋಲಿ ಕಳೆದೆವು.

ನನ್ನ ಮಗನ ಮದುವೆಯಾದಾಗ ಹೊಸ ಸೊಸೆಗೆ ನಾನು ಹೇಳಿದ ಮೊದಲ ಮಾತು, ಮಾವನಿಗೆ ಏನು ಹೇಳುವುದಿದ್ದರೂ ಎದುರು ನಿಂತು ಹೇಳು, ನನ್ನ ಮುಂದೆ ತರಬೇಡ. ಅವಳು ಹೇಳುತ್ತಾಳೆ. ಉಪ್ಪು ಜಾಸ್ತಿ ತಿನ್ನಬ್ಯಾಡ್ರಿ ಎಂದು ಗದರಿಸುತ್ತಾಳೆ. ನನ್ನ ಗಂಡ ಮೊದಮೊದಲು ಮುಖ ತಿರುಗಿಸಿದ. ಈ ಕಡೆ ನೋಡಿ ಕೇಳ್ರಿ ಎಂದೆ. ಕೇಳಿದ. ಈ ಮನೆಯಲ್ಲಿ ಈಗ ಮಾತು ಯಾರ ಬಾಯಲ್ಲೂ ಕಾಯುತ್ತ ಕೂರುವುದಿಲ್ಲ. ಅದು ನೆಗೆಣ್ಣಿಯ ಋಣ. ಆದರೆ ಅದನ್ನು ನೋಡಲು ಅವಳು ಇರಲಿಲ್ಲ.

ಮಗನ ಮದುವೆಗೆ ಮೊದಲೇ ಅವಳಿಗೆ ಕಾಮಾಲೆ ಹತ್ತಿತ್ತು. ಓಡಾಡಿದೆವು, ಬಾಗಲಕೋಟೆಯ ದವಾಖಾನೆಯಲ್ಲಿ ಇಟ್ಟೆವು, ಉಳಿಯಲಿಲ್ಲ. ಮಣ್ಣಿಗೆ ಒಯ್ಯುವ ದಿನ ನಮ್ಮ ಪದ್ಧತಿಯಂತೆ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಪವರ್‌ಲೂಮು ನಿಲ್ಲಿಸಿದ್ದರು. ಎಷ್ಟೋ ವರ್ಷದ ಮೇಲೆ ಮನೆ ಅಷ್ಟು ಸುಮ್ಮನಿತ್ತು. ನನ್ನ ಗಂಡ ಒಳಗೆ ಬಂದ. ನಾನು ಅವನು ನನ್ನ ಕಡೆ ತಿರುಗಿ ಆಕಿಗೆ ಹೇಳು ಎನ್ನುತ್ತಾನೇನೋ ಎಂದುಕೊಂಡೆ. ಅವನು ನನ್ನನ್ನು ನೋಡಲಿಲ್ಲ. ಅವಳ ಎದುರು ಹೋಗಿ ನಿಂತು, ಅವಳ ಮುಖ ನೋಡಿದ. ಮನೆಗೆ ಬಂದಂದಿನಿಂದ ಅದೇ ಮೊದಲು.

"ಖೋಲಿ ನಿಂದ ಐತೆವಾ. ಮಗ್ಗಾ ತಗಿಸಿ ಕೊಡ್ತೀನಿ."

ಬಾಗಿಲಲ್ಲಿ ನಿಂತಿದ್ದ ಮೈದುನ ಗೋಡೆಯ ಕಡೆ ತಿರುಗಿದ. ಅಳುತ್ತಿದ್ದ ಹೆಂಗಸರು ನನ್ನ ಮುಖ ನೋಡಿದರು. ಯಾರಾದರೂ ಏನಾದರೂ ಅನ್ನಬೇಕಿತ್ತು.

"ತಡ ಆತ್ರಿ," ಎಂದೆ. "ಸರೀರಿ, ಮಾಲಿ ಹಾಕೂದೈತಿ."

ಅವನು ಸರಿದ. ನಾನು ಮಾಲೆ ಹಾಕಿದೆ. ಅವಳ ಕೈ ಪಕ್ಕಕ್ಕೆ ಜಾರಿತ್ತು, ಎತ್ತಿ ಮಡಿಲಲ್ಲಿ ಇಟ್ಟೆ. ಹೆಬ್ಬೆರಳು ಕೆಂಪಗೇ ಇತ್ತು.